ಒಂದು ಕಂಡಿಕೆಯ ಹೊತ್ತು

ರಸ್ತೆ ಅಗೆಯುವ ಜೆಸಿಬಿ ಮೂರನೇ ಸಲ ಕೇಬಲ್ಲು ಕಡಿದ ಮೇಲೆ
ಗುಳೇದಗುಡ್ಡದ ಈ ಶಾಖೆ ನೆಲವನ್ನು ನಂಬುವುದು ಬಿಟ್ಟಿದೆ.
ನಾನು ಮಾಳಿಗೆಯ ಮೇಲೆ, ಕಾದ ತಟ್ಟೆಯ ಮೂತಿಯಿಂದ
ಕಣಜದ ಮಣ್ಣುಗೂಡನ್ನು ಸ್ಕ್ರೂಡ್ರೈವರಿನಲ್ಲಿ ಕೆರೆಯುತ್ತಿದ್ದೇನೆ.
ಕೆಳಗಿನಿಂದ ಕ್ಯಾಶಿಯರ್ ಮುರ್ತುಜಾ ನದಾಫ, ಎರಡು ನಿಮಿಷಕ್ಕೊಮ್ಮೆ:
“ಬಂತೇನ್ರಿ ಲಿಂಕ್?”

ಬರುತ್ತದೆ. ಅದು ಬರುವ ರೀತಿ ಬೇರೆ.

ಮೋಡೆಮ್ಮು, ಊಟದ ಡಬ್ಬಿಯಷ್ಟು, ನಾಲ್ಕು ದೀಪ,
ಮೊದಲು ಮಾತಾಡುವುದಿಲ್ಲ. ಕೇಳುತ್ತದೆ.
ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ,
ದಕ್ಷಿಣಕ್ಕೆ, ನೆತ್ತಿಗಿಂತ ತುಸು ಇಳಿದು,
ನಿಂತಂತೆ ಕಂಡು ಸುತ್ತುವ ಪೆಟ್ಟಿಗೆಯೊಂದರ ಪಿಸುದನಿ.
ಆ ಗದ್ದಲದೊಳಗೆ ತನ್ನ ಹೆಸರು ಸಿಕ್ಕರೆ
ಎರಡನೇ ದೀಪ ಮಿಣುಕುವುದು ಬಿಟ್ಟು ನಿಲ್ಲುತ್ತದೆ.
ಆಮೇಲೆ ಅಪ್ಪಣೆ ಬರಬೇಕು: ನಿನ್ನ ಪಾಳಿ ಇಷ್ಟು ಮಿಲಿಸೆಕೆಂಡು,
ನಿನ್ನ ದನಿ ಇಷ್ಟೇ ಎತ್ತರ,
ಹೆಚ್ಚು ಕೂಗಿದರೆ ಪಕ್ಕದೂರಿನ ಮಾತು ಕೆಡುತ್ತದೆ.
ಇಷ್ಟು ನಯ ನಮ್ಮ ಓಣಿಯ ನಳದ ಹತ್ತಿರ ಇಲ್ಲ.

ಒಂದು ಸುಳ್ಳನ್ನೂ ಹೇಳುತ್ತದೆ, ಅದನ್ನು ಮುಚ್ಚಿಡಬಾರದು.
ಕಂಪ್ಯೂಟರಿಗೆ ತಾಳ್ಮೆ ಕಡಿಮೆ; ಕಳಿಸಿದ್ದು ಮುಟ್ಟಿತೋ ಎಂದು ಪೀಡಿಸುತ್ತದೆ.
ಮುಗಿಲಿಗೆ ಹೋಗಿ ಬರಲು ಅರ್ಧ ಸೆಕೆಂಡು ಮೀರುತ್ತದೆ.
ಅಷ್ಟರೊಳಗೆ ಮೋಡೆಮ್ಮೇ “ಮುಟ್ಟಿತು, ಮುಂದಿನದು ಕೊಡು” ಎನ್ನುತ್ತದೆ,
ಇನ್ನೂ ಮಾಳಿಗೆ ದಾಟದ ಮಾತಿಗೆ.
ನನ್ನವ್ವನೂ ಸಾವಕಾರನ ಆಳಿಗೆ ಹೀಗೇ ಹೇಳುತ್ತಿದ್ದಳು:
“ಖಣ ಮುಗದಾವ್ರಿ, ಮಡಚೂದಷ್ಟ ಉಳದೈತಿ.”
ಅಪ್ಪ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು
ಇನ್ನೂ ಅರ್ಧಕ್ಕಿದ್ದ.

ಅಪ್ಪನಿಂದ ನಾನು ಕಲಿತದ್ದೊಂದೇ: ಎಳೆ ಹರಿಯುತ್ತದೆ.
ಹರಿಯುತ್ತದೆಂದು ಗೊತ್ತಿದ್ದೇ ನೇಯಬೇಕು.
ಇದೂ ಹಾಗೆ. ನೂರು ಎಳೆಯ ಮಾತಿಗೆ ಮೂವತ್ತು ಎಳೆ
ಹೆಚ್ಚು ಹಾಕಿ ಕಳಿಸುತ್ತದೆ. ದಾರಿಯಲ್ಲಿ ಕೆಲವು ಹೋದರೂ
ಉಳಿದವುಗಳ ನಡಿಗೆ ನೋಡಿ ಹೋದದ್ದನ್ನು ಕಟ್ಟಿಕೊಳ್ಳಬಹುದು.
ಆನೆಹೆಜ್ಜೆಯ ಖಣದಲ್ಲಿ ಒಂದು ಹೆಜ್ಜೆ ಮಾಸಿದರೆ
ಅಲ್ಲಿ ಏನಿತ್ತೆಂದು ಯಾರನ್ನು ಕೇಳಬೇಕು?
ಮಳೆ ದಪ್ಪವಾದರೆ ನಿಧಾನಿಸುತ್ತದೆ, ಬಿಡಿಸಿ ಬಿಡಿಸಿ ಹೇಳುತ್ತದೆ,
ಕಿವಿ ಮಂದವಾದವರಿಗೆ ಹೇಳುವ ಹಾಗೆ.

ನಾಲ್ಕೂ ದೀಪ ನಿಂತವು. ಒಂದು ಗಂಟೆ ಹತ್ತು ನಿಮಿಷ.
ಬಾಕಿನ ಮೇಲಿದ್ದ ಹನ್ನೊಂದು ಜನ ಒಟ್ಟಿಗೆ ಎದ್ದರು.
ಮೊದಲ ಪಾಳಿ ಶಾಕವ್ವ ಚಿಲ್ಲಾಳಳದು.
ಐವತ್ತು ವರ್ಷ ಕಂಡಿಕೆ ಸುತ್ತಿದ ಹೆಬ್ಬೆರಳನ್ನು ಗಾಜಿನ ಮೇಲಿಟ್ಟಳು.
ಹೋಯಿತು: ಗಾಜಿನಿಂದ ಡಬ್ಬಿಗೆ, ಡಬ್ಬಿಯಿಂದ ತಟ್ಟೆಗೆ, ಮುಗಿಲಿಗೆ,
ಅಲ್ಲಿಂದ ಯಾವುದೋ ಊರಿನ ದೊಡ್ಡ ತಟ್ಟೆಗೆ.
ಒಂದು ಎಳೆಯೂ ಹರಿಯದೆ ಬಂತು ಉತ್ತರ:
ಹೊಂದಿಕೆಯಾಗಿಲ್ಲ.

ಮತ್ತೊಮ್ಮೆ. ಹೊಂದಿಕೆಯಾಗಿಲ್ಲ.
ಮುರ್ತುಜಾ ನನ್ನ ಕಡೆ ನೋಡಿದ, ತಪ್ಪು ಲಿಂಕಿನದೇ ಎಂಬಂತೆ.
ಅಂಕಿ ತೋರಿಸಿದೆ. ಇಷ್ಟು ಚೊಕ್ಕ ಸಿಗ್ನಲ್ಲು
ಈ ವರ್ಷ ಬಂದೇ ಇಲ್ಲ.
ಶಾಕವ್ವ ಬೆರಳನ್ನು ಬೆಳಕಿಗೆ ಹಿಡಿದಳು. ನಾನೂ ಬಗ್ಗಿ ನೋಡಿದೆ.
ಗೆರೆಗಳಿರಲಿಲ್ಲ. ನುಣುಪು, ಲಾಳಿಯ ಹೊಟ್ಟೆಯ ಹಾಗೆ.
ನೂಲು ಸುತ್ತು ಸುತ್ತಿಗೂ ಕೂದಲೆಳೆಯಷ್ಟು ಒಯ್ದಿತ್ತು.
ಇದಕ್ಕೆ ಹೆಚ್ಚಿನ ಮೂವತ್ತು ಎಳೆ ಯಾರೂ ಹಾಕಿರಲಿಲ್ಲ.

“ಉಳದ ಬೆರಳ ಅದಾವಲ್ಲೊ ತಮ್ಮಾ.”
ತೋರುಬೆರಳು, ನಡುಬೆರಳು, ಬಲಗೈ ಮುಗಿಯಿತು.
ಎಡಗೈಯ ಕಿರುಬೆರಳು ಹೊಂದಿತು ಕೊನೆಗೆ,
ಮಗ್ಗದ ಮನೆಯಲ್ಲಿ ದುಡಿಯದೆ ತಪ್ಪಿಸಿಕೊಂಡ ಮೈಗಳ್ಳ.
ಸಾವಿರದ ಇನ್ನೂರನ್ನು ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿ ಕೇಳಿದಳು,
“ಎಲ್ಲಿ ತನಕಾ ಹೋಗಿ ಬಂತದು?”
ಸೂರಿನತ್ತ ಕೈ ಮಾಡಿದೆ.
“ಅಷ್ಟರಾಗ ನಾ ಒಂದ ಕಂಡಿಕಿ ಸುತ್ತತಿದ್ದೆ.”

ಅರ್ಧ ಸೆಕೆಂಡು ಎನ್ನಲು ಹೋದವನು ಗಡಿಯಾರ ನೋಡಿದೆ.
ಹದಿನಾಲ್ಕು ನಿಮಿಷ.

ಮರೆತ ಪಾನಾ ತರಲು ಮಾಳಿಗೆ ಹತ್ತಿದರೆ
ತಟ್ಟೆಯ ಮೂತಿಗೆ ಕಣಜ ಆಗಲೇ
ಹಸಿಮಣ್ಣಿನ ಮೊದಲ ಉಂಡೆ ತಂದಿಟ್ಟಿತ್ತು.